ಅಜ್ಜನ ಬೆತ್ತದ ಕುರ್ಚಿಯಿಂದ ಬಿಳಿ ಪುಡಿ ಉದುರುತ್ತಿದೆ, ಫ್ಲ್ಯಾಟಿನಲ್ಲಿ ಇಟ್ಟುಕೊಳ್ಳಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ತವರುಮನೆ ಪಾಲಾದಾಗ ಅಜ್ಜನ ಎರಡು ಬೆತ್ತದ ಆರಾಮ ಕುರ್ಚಿಗಳು ನನ್ನ ಪಾಲಿಗೆ ಬಂದವು. 1960ರ ಆಸುಪಾಸಿನವು ಅಂತ ಅಮ್ಮ ಹೇಳುತ್ತಾರೆ. ಕಾಲು, ಕೈ, ಬೆನ್ನು ಎಲ್ಲಾ ದಪ್ಪ ಬೆತ್ತವನ್ನು ಬಗ್ಗಿಸಿ ಮಾಡಿದ್ದು. ಸೀಟಿಗೆ ಮಾತ್ರ ಮರದ ಚೌಕಟ್ಟಿದೆ. ಅದರ ಸುತ್ತ ಸಾಲಾಗಿ ತೂತು ಕೊರೆದು ಬೆತ್ತದ ಜಾಲರಿ ಹೆಣೆದಿದ್ದಾರೆ. ಬಹಳ ವರ್ಷ ಅಟ್ಟದಲ್ಲಿದ್ದವು. ಈಗ ಬೆಂಗಳೂರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿವೆ. ಒಂದು ಕುರ್ಚಿಯ ಸೀಟು ಜೋಲು ಬಿದ್ದಿದೆ, ಕೈಯ ಸುತ್ತು ಬಿಚ್ಚಿದೆ. ಇನ್ನೊಂದಕ್ಕೆ ಯಾರೋ ಯಾವಾಗಲೋ ಬಿಳಿ ಎನಾಮಲ್ ಬಳಿದಿದ್ದಾರೆ. ಅದರಲ್ಲಿ ಸಣ್ಣ ಸಣ್ಣ ತೂತುಗಳಿವೆ, ಕೆಳಗೆ ಬಿಳಿ ಪುಡಿ ಬೀಳುತ್ತದೆ. ಹುಳು ಮಾಡ್ಯುಲರ್ ಕಿಚನ್‌ಗೆ ಹಬ್ಬುತ್ತೆ, ಎಸೆದುಬಿಡು ಅಂತಾರೆ ನನ್ನ ಯಜಮಾನರು. ಸೀಮೆಎಣ್ಣೆ ಒರೆಸಿ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ ಅತ್ತೆ. ಒಂದು ಅಂಗಡಿಯವರು ಪ್ಲಾಸ್ಟಿಕ್ ಕೇನ್ ಹಾಕಿ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯೋಣ ಅಂದರು. ಇನ್ನೊಬ್ಬರು ಇದಕ್ಕೆ ಹಾಕೋ ದುಡ್ಡಿಗೆ ಹೊಸದೇ ಬರುತ್ತೆ ಅಂದರು. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಎಸಿ ಇದೆ. ಇವನ್ನು ಹಾಲ್‌ನಲ್ಲಿಟ್ಟು ದಿನಾ ಬಳಸುವ ಹಾಗೆ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ಎರಡೂ ಕುರ್ಚಿಗೆ ಒಂದೇ ಉತ್ತರ ಕೊಡಲು ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಆತಂಕ ಒಂದೇ ಅನಿಸಿತು. ಅಜ್ಜನ ಕುರ್ಚಿ ಉಳಿಸಲು ಹೋಗಿ ಮನೆಯ ಬೇರೆ ಸಾಮಾನು ಕೆಡಿಸಿಕೊಳ್ಳುತ್ತೇವಾ ಅನ್ನುವುದು. ಈ ಭಯದಲ್ಲಿ ಸ್ವಲ್ಪ ಸತ್ಯವಿದೆ. ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ಪುಡಿ ಉದುರುವ ಕುರ್ಚಿಯನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಪೂರ್ತಿ ಸುತ್ತಿ ಟೇಪ್ ಹಾಕಿ. ಪಾರ್ಕಿಂಗ್ ಜಾಗದಲ್ಲೋ ಬೇರೆಲ್ಲೋ ಮಳೆ ಬೀಳದ ಕಡೆ ಇಡಿ. ಇನ್ನೊಂದು ಬಾಲ್ಕನಿಯಲ್ಲೇ ಇರಲಿ. ಅದೂ ಅದೇ ಅಟ್ಟದಲ್ಲಿ ಇದ್ದದ್ದು, ಅದರ ಮೇಲೂ ಒಂದು ಕಣ್ಣಿರಲಿ.

ಬೆತ್ತದ ಕುರ್ಚಿ ರಿಪೇರಿಗೆ ಒಂದು ಕ್ರಮವಿದೆ. ಮೊದಲು ಹುಳು, ಆಮೇಲೆ ಕೀಲು, ಆಮೇಲೆ ಹೆಣಿಗೆ, ಕೊನೆಗೆ ಪಾಲಿಶ್. ನನ್ನ ಹತ್ತಿರ ಎರಡನೇ ಸಲ ರಿಪೇರಿಗೆ ಬರುವ ಕುರ್ಚಿಗಳಲ್ಲಿ ಹೆಚ್ಚಿನವು ಈ ಕ್ರಮ ತಪ್ಪಿದವು. ಹೊಸ ಜಾಲರಿ ಹೊಳೆಯುತ್ತಿರುತ್ತದೆ, ಅದರ ಕೆಳಗೆ ಕಾಲು ಅಲ್ಲಾಡುತ್ತಿರುತ್ತದೆ. ಅಂಗಡಿಯವರಲ್ಲಿ ಒಬ್ಬರು ನಿಮಗೆ ಹೇಳಿದ್ದು ಹೆಣಿಗೆ ಮತ್ತು ಪಾಲಿಶ್ ವಿಷಯ, ಇನ್ನೊಬ್ಬರು ದುಡ್ಡಿನ ವಿಷಯ ಮಾತ್ರ. ಹುಳುವಿನ ಬಗ್ಗೆ, ಕೀಲಿನ ಬಗ್ಗೆ ಇಬ್ಬರೂ ಮಾತಾಡಿಲ್ಲ ಅಲ್ವಾ?

ಪುಡಿಯಿಂದ ಶುರು ಮಾಡೋಣ. ಸ್ವಲ್ಪ ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಮೈದಾ ಹಿಟ್ಟಿನಷ್ಟು ನುಣ್ಣಗಿದ್ದು, ತೂತು ದುಂಡಗೆ ಒಂದೆರಡು ಮಿಲಿಮೀಟರ್ ಅಗಲ ಇದ್ದರೆ ಅದು ಕುಟ್ಟೆ ಹುಳುವಿನದು. ಗಸಗಸೆಯ ಹಾಗೆ ಕಾಳುಕಾಳಾಗಿ ಬೆರಳಿಗೆ ತಗುಲಿದರೆ ಅದು ಒಣ ಮರದಲ್ಲೇ ಗೂಡು ಮಾಡುವ ಗೆದ್ದಲಿನ ಹಿಕ್ಕೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಕಾಳಿಗೆ ಆರು ಮುಖ ಕಾಣುತ್ತದೆ. ಈ ಗೆದ್ದಲಿಗೆ ಮಣ್ಣೂ ಬೇಡ, ಹುತ್ತವೂ ಬೇಡ. ಅದು ಗೋಡೆಯ ಮೇಲೆ ಮಣ್ಣಿನ ದಾರಿ ಕಟ್ಟುವುದಿಲ್ಲ. ಹಾಗಾಗಿ 'ಮಣ್ಣು ಕಾಣ್ತಿಲ್ಲ, ಗೆದ್ದಲಿಲ್ಲ' ಅನ್ನುವ ಮಾತು ನಂಬಬೇಡಿ. ಗಸಗಸೆಯಂಥ ಪುಡಿ ಸಿಕ್ಕಿದರೆ ಮುಂದಿನದನ್ನೆಲ್ಲ ಬಿಟ್ಟು ಮೊದಲು ಪೆಸ್ಟ್ ಕಂಟ್ರೋಲ್‌ನವರಿಗೆ ತೋರಿಸಿ. ನೀವು ಹೇಳಿದ 'ಬಿಳಿ ಪುಡಿ' ಮಾತ್ರ ಕುಟ್ಟೆಯದೇ ಇರಬೇಕು ಅನಿಸುತ್ತದೆ.

ಕುಟ್ಟೆ ಹುಳುವಿಗೆ ಬೇಕಾದ್ದು ಪಿಷ್ಟ. ಬೆತ್ತ ಅಂದರೆ ಕಾಡಿನಲ್ಲಿ ಮರಗಳನ್ನು ಹಿಡಿದು ಹತ್ತುವ, ಮುಳ್ಳಿನ ಬಳ್ಳಿಯಂಥ ತಾಳೆ ಜಾತಿಯ ಗಿಡ. ನಮ್ಮ ಪಶ್ಚಿಮ ಘಟ್ಟದಲ್ಲೇ ಹಂದಿಬೆತ್ತ, ನಾಗಬೆತ್ತ ಅಂತ ಬಗೆಬಗೆಯವು ಬೆಳೆಯುತ್ತವೆ. ಬಿದಿರು ಹುಲ್ಲಿನ ಜಾತಿ, ಒಳಗೆ ಟೊಳ್ಳು. ಬೆತ್ತ ಒಳಗೂ ಗಟ್ಟಿ. ಅದರ ಹೊರಸಿಪ್ಪೆಯಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ ಇರುತ್ತದೆ. ಅದಕ್ಕೇ ಆ ಹೊಳಪು, ಆ ಗಡಸು. ಒಳಗಿನ ತಿರುಳಿನಲ್ಲಿ ಪಿಷ್ಟ. ಹುಳು ಸಿಪ್ಪೆಯ ಮೇಲೆ ಮೊಟ್ಟೆ ಇಡಲಾರದು. ಕತ್ತರಿಸಿದ ತುದಿ, ಮೊಳೆಯ ತೂತು, ಸಿಪ್ಪೆ ಸುಲಿದ ಜಾಗ ಹುಡುಕಿಕೊಂಡು ಬರುತ್ತದೆ. ಮರಿ ಒಳಗೇ ತಿನ್ನುತ್ತಾ ತಿಂಗಳುಗಟ್ಟಲೆ ಇರುತ್ತದೆ. ಒಂದು ವರ್ಷ ಆಗಬಹುದು, ಜಾಸ್ತಿಯೂ ಆಗಬಹುದು. ನಮಗೆ ಕಾಣುವ ತೂತು ಅದು ಬೆಳೆದು ಹೊರಗೆ ಹಾರಿದ ಬಾಗಿಲು. ಅಂದರೆ ತೂತು ಕಾಣುವ ಹೊತ್ತಿಗೆ ಆ ಹುಳು ಹೋಗಿಯಾಗಿದೆ. ಒಳಗೆ ಅದರ ಸಂತಾನ ಇದೆಯಾ ಅನ್ನುವುದೇ ಪ್ರಶ್ನೆ.

ಇಲ್ಲಿ ನಿಮಗೊಂದು ಸಮಾಧಾನದ ಮಾತಿದೆ. ವರ್ಷ ಕಳೆದಂತೆ ಬೆತ್ತದಲ್ಲಿ ಪಿಷ್ಟದ ಸತ್ವ ಕಡಿಮೆಯಾಗುತ್ತಾ ಬರುತ್ತದೆ. ಅರವತ್ತು ವರ್ಷದ ಕುರ್ಚಿಯಲ್ಲಿರುವ ತೂತುಗಳು ಎಷ್ಟೋ ಸಲ ಯಾವತ್ತೋ ಮುಗಿದ ಕಥೆ. ಒಳಗೆ ಉಳಿದ ಹಳೇ ಪುಡಿ ಎತ್ತಿ ಇಳಿಸುವಾಗ ಉದುರುತ್ತದೆ, ನಾವು ಗಾಬರಿಯಾಗುತ್ತೇವೆ. ಆದರೆ ನಡುವೆ ಯಾರಾದರೂ ಹೊಸ ಬೆತ್ತದ ತುಂಡು ಹಾಕಿ ರಿಪೇರಿ ಮಾಡಿದ್ದರೆ ಹುಳು ಆ ತುಂಡಿನಲ್ಲಿ ಜೀವಂತ ಇರಬಹುದು. ಎನಾಮಲ್ ಬಳಿದವರು ಬಣ್ಣದ ಜೊತೆಗೆ ರಿಪೇರಿಯನ್ನೂ ಮಾಡಿಸಿರುವ ಸಾಧ್ಯತೆ ಇದೆ. ಬಣ್ಣ ಬಳಿಯುವುದೇ ಸಾಮಾನ್ಯವಾಗಿ ರಿಪೇರಿಯ ತೇಪೆ ಮುಚ್ಚಲು.

ಪತ್ತೆ ಮಾಡುವುದು ಕಷ್ಟವಲ್ಲ. ಕುರ್ಚಿಗೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಿ, ರಬ್ಬರ್ ಸುತ್ತಿಗೆಯಲ್ಲಿ ಎಲ್ಲಾ ಕಡೆ ತಟ್ಟಿ ಹಳೇ ಪುಡಿ ಪೂರ್ತಿ ಉದುರಿಸಿ. ವ್ಯಾಕ್ಯೂಮ್ ಹಾಕಿ. ಆಮೇಲೆ ಪ್ರತಿ ತೂತಿಗೂ ಮೇಣ ತುಂಬಿ ಒರೆಸಿ. ಕೆಳಗೆ ಕಪ್ಪು ಚಾರ್ಟ್ ಪೇಪರ್ ಹಾಸಿ ಬೆಚ್ಚಗಿನ ಕಾಲದಲ್ಲಿ ಕೆಲವು ವಾರ ಅಲ್ಲಾಡಿಸದೆ ಬಿಡಿ. ಮೇಣ ಒಡೆದು ಹೊಸ ತೂತು ಬಿದ್ದರೆ, ಕಪ್ಪು ಹಾಳೆಯ ಮೇಲೆ ತಿಳಿಬಣ್ಣದ ಪುಡಿಯ ಸಣ್ಣ ಗುಪ್ಪೆ ಕಂಡರೆ ಹುಳು ಇದೆ. ಹಳೇ ತೂತಿನ ಅಂಚು ಮಸುಕಾಗಿ ಕಪ್ಪಾಗಿರುತ್ತದೆ. ಹೊಸ ತೂತಿನ ಒಳಗು ಆಗಷ್ಟೇ ಕೊರೆದ ಹಾಗೆ ತಿಳಿಯಾಗಿರುತ್ತದೆ.

ಕಿಚನ್‌ಗೆ ಹಬ್ಬುತ್ತದಾ? ಲ್ಯಾಮಿನೇಟ್ ಅಂಟಿಸಿದ ಮೇಲ್ಮೈಯಲ್ಲಿ ಹುಳುವಿಗೆ ಮೊಟ್ಟೆ ಇಡಲು ಜಾಗವಿಲ್ಲ. ಆದರೆ ಶಟರ್‌ನ ಹಿಂದೆ, ಸಿಂಕ್ ಕೆಳಗೆ, ಪೈಪಿಗಾಗಿ ಕೊರೆದ ಕಡೆ ಬರಿಯ ಪ್ಲೈವುಡ್ ಅಂಚು ಉಳಿದಿರುತ್ತದೆ. ಅಗ್ಗದ ಪ್ಲೈವುಡ್ಡಿನಲ್ಲಿ ಪಿಷ್ಟ ಇರುವ ಮರ ಸೇರಿರಬಹುದು, ಅಲ್ಲಿ ಅಪಾಯ ಇದೆ. ರಬ್ಬರ್ ಮರದ ಡೈನಿಂಗ್ ಟೇಬಲ್ ಇದ್ದರೆ ಅದು ಕುಟ್ಟೆಗೆ ಬಲು ಇಷ್ಟ. ತೇಗದ ಚೇಗು, ಅಂದರೆ ಗಟ್ಟಿ ಒಳಮರ, ಅದಕ್ಕೆ ಬೇಡ. ಆದರೆ ಅದೇ ತೇಗದ ಹೊರಗಿನ ಬಿಳಿಮರ ಬೇಕು. ಮನೆಯಲ್ಲಿ ಬಿದಿರಿನ ಬುಟ್ಟಿ, ಮೊರ, ಚಾಪೆ ಇದ್ದರೆ ಮೊದಲು ಅವನ್ನು ನೋಡಿ. ಬಿದಿರನ್ನು ತಿನ್ನುವ ಕುಟ್ಟೆಗೂ ಬೆತ್ತವನ್ನು ತಿನ್ನುವ ಕುಟ್ಟೆಗೂ ಬಹಳ ಹತ್ತಿರದ ನಂಟು. ಯಜಮಾನರ ಮಾತು ಪೂರ್ತಿ ತಪ್ಪಲ್ಲ. ಹುಳು ಹೋಗುವವರೆಗೆ ಕುರ್ಚಿ ಹೊರಗಿರಲಿ, ಅಷ್ಟು ಸಾಕು. ಎಸೆಯುವುದು ಬೇಡ.

ಅತ್ತೆಯವರ ಸೀಮೆಎಣ್ಣೆಯ ಮಾತಿಗೂ ಒಂದು ಬೇರಿದೆ. ದಪ್ಪ ಬೆತ್ತವನ್ನು ಕಾಡಿನಿಂದ ತಂದ ಮೇಲೆ ಡೀಸೆಲ್, ಸೀಮೆಎಣ್ಣೆಯಂಥ ಎಣ್ಣೆಯಲ್ಲಿ ಕುದಿಸಿ ಹದ ಮಾಡುವ ಪದ್ಧತಿ ಇದೆ. ಅದರಿಂದ ನೀರು, ಅಂಟು ಹೋಗುತ್ತವೆ, ಹುಳುವೂ ಬೂಸ್ಟೂ ಕಡಿಮೆಯಾಗುತ್ತವೆ. ಆದರೆ ಅದು ಹಸಿ ಬೆತ್ತಕ್ಕೆ. ಮಾಡಿ ಮುಗಿಸಿದ ಕುರ್ಚಿಗೆ ಒರೆಸಿದರೆ ಎಣ್ಣೆ ಮುಟ್ಟಿದ ಹುಳು ಸಾಯುತ್ತದೆ, ಒಳಗಿನದು ಉಳಿಯುತ್ತದೆ. ಎಣ್ಣೆ ನಾಲ್ಕು ದಿನದಲ್ಲಿ ಆರಿಹೋಗುತ್ತದೆ, ವಾಸನೆ ಮಾತ್ರ ಉಳಿಯುತ್ತದೆ. ಮುಚ್ಚಿದ ಫ್ಲ್ಯಾಟಿನಲ್ಲಿ ಬೆಂಕಿಯ ಅಪಾಯ ಬೇರೆ. ಬೇಡ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾಳಿಗೆ ಇಡುವ ಮಾತ್ರೆಯನ್ನು ಕುರ್ಚಿಯ ಜೊತೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೆ ಹುಳು ಸಾಯುತ್ತದೆ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಆ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಮನೆಗಳಲ್ಲಿ, ಅದರಲ್ಲೂ ಮಕ್ಕಳು, ಇದರಿಂದ ಸತ್ತ ಸುದ್ದಿ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಬಾಲ್ಕನಿಯಲ್ಲೂ ಬೇಡ, ಪಾರ್ಕಿಂಗ್‌ನಲ್ಲೂ ಬೇಡ.

ಹಾಗಾದರೆ ಏನು ಮಾಡಬಹುದು? ನಾನು ಮಾಡುವುದು ಹೀಗೆ. ಹಳೇ ಹೆಣಿಗೆ, ಸುತ್ತು ಎಲ್ಲಾ ಕತ್ತರಿಸಿ ತೆಗೆದು ಅದೇ ದಿನ ಹೊರಗೆ ಹಾಕುತ್ತೇನೆ. ಬಣ್ಣ ತೆಗೆದು ಬೆತ್ತವನ್ನು ಬರಿದು ಮಾಡಿದ ಮೇಲೆ ಬೋರಿಕ್ ಆಸಿಡ್ ಮತ್ತು ಬೊರಾಕ್ಸ್ ಕಲಸಿದ ಬಿಸಿನೀರಿನ ದ್ರಾವಣವನ್ನು ಬ್ರಷ್‌ನಲ್ಲಿ ಹಚ್ಚುತ್ತೇನೆ. ಬೋರಿಕ್ ಒಂದು ಪಾಲಿಗೆ ಬೊರಾಕ್ಸ್ ಒಂದೂವರೆ ಪಾಲು. ಕಡಿದ ತುದಿಗಳಿಗೆ ಎರಡು ಮೂರು ಸಲ ಕುಡಿಸುತ್ತೇನೆ. ತೂತುಗಳಿಗೆ ಸಿರಿಂಜ್‌ನಲ್ಲಿ ಬಿಡುತ್ತೇನೆ. ಬಣ್ಣ, ಪಾಲಿಶ್ ಇದ್ದ ಕಡೆ ಇದು ಒಳಗೆ ಇಳಿಯುವುದಿಲ್ಲ, ಮೇಲೇ ಹರಿದು ಹೋಗುತ್ತದೆ. ಅದಕ್ಕೇ ಬಣ್ಣ ತೆಗೆಯುವುದು ಮೊದಲು. ಬೋರಿಕ್ ಹೊಟ್ಟೆಗೆ ಹೋದರೆ ವಿಷ. ಮಗು ಇರುವ ಕಡೆ ಈ ಕೆಲಸ ಬೇಡ. ಪೂರ್ತಿ ಒಣಗಿ, ಮೇಲೆ ಪಾಲಿಶ್ ಬಿದ್ದ ಮೇಲೇ ಕುರ್ಚಿ ಮನೆಗೆ ಬರಲಿ.

ಔಷಧಿಯೇ ಬೇಡ ಅನ್ನುವವರಿಗೆ ಚಳಿಯ ದಾರಿ ಇದೆ. ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದ ಹಾಗೆ ಸುತ್ತಿ ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇರುವ ಕಡೆ ಎರಡು ವಾರ ಇಟ್ಟರೆ ಒಳಗಿನ ಮೊಟ್ಟೆ, ಮರಿ ಸಾಯುತ್ತವೆ. ಮ್ಯೂಸಿಯಂಗಳಲ್ಲಿ ಈ ಉಪಾಯ ಬಳಸುತ್ತಾರೆ. ಆರಾಮ ಕುರ್ಚಿ ಮನೆಯ ಫ್ರೀಜರ್‌ಗೆ ಹಿಡಿಸುವುದಿಲ್ಲ, ಕೋಲ್ಡ್ ಸ್ಟೋರೇಜ್‌ನವರು ಪರಿಚಯವಿದ್ದರೆ ಕೇಳಿ ನೋಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಸುತ್ತು ಬಿಚ್ಚಬೇಡಿ, ಇಲ್ಲದಿದ್ದರೆ ಮೈಯೆಲ್ಲಾ ನೀರು ಕಟ್ಟುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೊರಗೆ ಸುಡುವಾಗಲೂ ದಪ್ಪ ಬೆತ್ತದ ನಡುವೆ ಹುಳು ಸಾಯುವಷ್ಟು ಕಾವು ಹೋಗುವ ಖಾತ್ರಿ ಇಲ್ಲ. ಬೆತ್ತ ಮಾತ್ರ ಸೀಳುತ್ತದೆ.

ಈಗ ಚೌಕಟ್ಟು. ಕುರ್ಚಿಯ ಜೀವ ಇರುವುದು ಇಲ್ಲಿ. ಒಂದು ದಬ್ಬಳ ತಗೊಂಡು ಕಾಲಿನ ಬುಡ, ಕೀಲುಗಳ ಹತ್ತಿರ, ಬಾಗಿದ ಜಾಗ ಎಲ್ಲಾ ಒತ್ತಿ ನೋಡಿ. ಗಟ್ಟಿ ಬೆತ್ತದಲ್ಲಿ ಮೊನೆ ನಿಲ್ಲುತ್ತದೆ. ಕುಟ್ಟೆ ಹಿಡಿದಲ್ಲಿ ಸುಮ್ನೆ ಒಳಗೆ ಇಳಿಯುತ್ತದೆ. ಬಾಗಿದ ಕಡೆ ಕಪ್ಪು ಕಲೆ ಕಂಡರೆ ಹೆದರಬೇಡಿ, ಬೆತ್ತವನ್ನು ಬೆಂಕಿಯ ಕಾವಿನಲ್ಲಿ ಬಗ್ಗಿಸಿದ ಗುರುತು ಅದು. ಹಿಂಗಾಲಿನಿಂದ ಮೇಲೆ ಹೋಗಿ ಕೈಯಾಗಿ ಮುಂದೆ ಬಗ್ಗುವ ಉದ್ದನೆಯ ಬೆತ್ತ ಹೆಚ್ಚಿನ ಕುರ್ಚಿಗಳಲ್ಲಿ ಒಂದೇ ತುಂಡು. ಅದು ಗಟ್ಟಿ ಇದ್ದರೆ ಉಳಿದದ್ದನ್ನೆಲ್ಲ ಬದಲಾಯಿಸಬಹುದು. ಎರಡೂ ಕಡೆಯ ಆ ಬೆತ್ತಗಳೇ ಪುಡಿಯಾಗಿದ್ದರೆ ಬಿಳಿ ಕುರ್ಚಿಯನ್ನು ಮತ್ತೆ ಕಟ್ಟುವ ಆಸೆ ಬಿಡಿ. ಅದರಲ್ಲಿ ಉಳಿದಿರುವ ಗಟ್ಟಿ ತುಂಡುಗಳನ್ನು ಔಷಧಿ ಮಾಡಿಸಿ ಮೊದಲ ಕುರ್ಚಿಗೆ ಬಳಸಿ. ಅದೇ ಕಾಲದ, ಅದೇ ಬಣ್ಣದ ಬೆತ್ತ ಇನ್ನೆಲ್ಲೂ ಸಿಗುವುದಿಲ್ಲ. ಎರಡು ಕುರ್ಚಿಯಿಂದ ಒಂದು ಒಳ್ಳೆಯ ಕುರ್ಚಿ ಮಾಡಿಕೊಳ್ಳುವುದರಲ್ಲಿ ಅಜ್ಜನಿಗೆ ಅಗೌರವ ಏನೂ ಇಲ್ಲ.

ನಿಮ್ಮ ಮೊದಲ ಕುರ್ಚಿಯ ಕೈಯ ಸುತ್ತು ಬಿಚ್ಚಿದೆ ಅಂದಿರಿ. ಆ ಸುತ್ತು ಚಂದಕ್ಕೆ ಅಂತ ತುಂಬಾ ಜನ ತಿಳಿದಿದ್ದಾರೆ. ಬೆತ್ತದ ಕುರ್ಚಿಯಲ್ಲಿ ಮೊಳೆ ಎರಡು ಬೆತ್ತವನ್ನು ಜಾಗದಲ್ಲಿ ನಿಲ್ಲಿಸುತ್ತದೆ, ಭಾರ ತಡೆಯುವುದು ಈ ಸುತ್ತು. ಅದು ಬಿಚ್ಚಿದರೆ ಮೊಳೆ ಅಲ್ಲಾಡಿ ಅಲ್ಲಾಡಿ ತೂತು ದೊಡ್ಡದಾಗುತ್ತದೆ, ತುಕ್ಕು ಹಿಡಿಯುತ್ತದೆ. ಇಂಥ ಕಡೆ ಎಂ-ಸೀಲ್ ತುಂಬಿಸಿಕೊಂಡು ಬರುವವರಿದ್ದಾರೆ. ಬೆತ್ತ ಕೂತಾಗ ಬಗ್ಗುತ್ತದೆ, ಆ ಅಂಟು ಬಗ್ಗುವುದಿಲ್ಲ. ಸ್ವಲ್ಪ ದಿನಕ್ಕೆ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಸರಿಯಾದ ಕ್ರಮ ಅಂದರೆ ಹಳೇ ಮೊಳೆ ಕಿತ್ತು, ತೂತಿಗೆ ಬಿದಿರಿನ ಅಥವಾ ಬೆತ್ತದ ಬೆಣೆಯನ್ನು ಮರದ ಅಂಟು ಹಚ್ಚಿ ಹೊಡೆಯಬೇಕು. ಒಣಗಿದ ಮೇಲೆ ಹೊಸ ತೂತು ಕೊರೆದು ತುಕ್ಕು ಹಿಡಿಯದ ಸ್ಕ್ರೂ ಹಾಕಬೇಕು. ಅದರ ಮೇಲೆ ನೆನೆಸಿದ ಬೆತ್ತದ ಸಿಪ್ಪೆಯನ್ನು ಬಿಗಿಯಾಗಿ ಸುತ್ತಬೇಕು. ಒಣಗುವಾಗ ಅದು ಇನ್ನೂ ಬಿಗಿಯುತ್ತದೆ. ಕೆಲಸ ಮುಗಿದ ಕುರ್ಚಿಯನ್ನು ತರುವ ಮುಂಚೆ ಎರಡೂ ಕೈ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕಿರ್ ಅಂದರೆ ಪರವಾಗಿಲ್ಲ, ಟಕ್ ಅಂದರೆ ವಾಪಸ್ ಕೊಡಿ. ಕಿರ್ ಅನ್ನುವುದು ಸುತ್ತು ಉಜ್ಜುವ ಸದ್ದು. ಟಕ್ ಅನ್ನುವುದು ಕೀಲು ಸಡಿಲವಾದದ್ದು.

ಬಿಳಿ ಎನಾಮಲ್ ಬಗ್ಗೆ ನೀವು ಏನೂ ಕೇಳಿಲ್ಲ, ಆದರೆ ಎರಡು ವರ್ಷದ ಮಗು ಇರುವ ಮನೆಯಲ್ಲಿ ನನಗೆ ಕುಟ್ಟೆಗಿಂತ ಹೆಚ್ಚು ಚಿಂತೆ ಅದರದ್ದೇ. ಹಳೇ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಬಣ್ಣ ಅಂದರೆ ಸೀಸ ಇದೆ ಅಂತಲೇ ತಿಳಿದು ನಡೆಯುವುದು ಒಳ್ಳೆಯದು. ಮಗು ಕುರ್ಚಿಯ ಕೈಯನ್ನು ಕಚ್ಚುತ್ತದೆ, ಉದುರಿದ ಚೂರನ್ನು ಬಾಯಿಗೆ ಹಾಕುತ್ತದೆ. ಹಾಗಂತ ಬಾಲ್ಕನಿಯಲ್ಲಿ ಕೂತು ಎಮರಿ ಪೇಪರ್‌ನಲ್ಲಿ ಉಜ್ಜಲು ಹೋಗಬೇಡಿ. ಒಣ ಧೂಳು ಮನೆಯೆಲ್ಲಾ ಹರಡುತ್ತದೆ, ಅದು ಇನ್ನೂ ಕೆಟ್ಟದ್ದು. ಕೆಲಸದವರ ಜಾಗದಲ್ಲೇ ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಮೊಂಡು ಚಾಕುವಿನಲ್ಲಿ ಎಬ್ಬಿಸಲಿ. ಬೆತ್ತದ ಹೊಳಪಿನ ಸಿಪ್ಪೆಗೆ ಬಣ್ಣ ಗಟ್ಟಿಯಾಗಿ ಅಂಟಿರುವುದಿಲ್ಲ, ಹಾಳೆ ಹಾಳೆಯಾಗಿ ಏಳುತ್ತದೆ. ಸಿಪ್ಪೆ ಸುಲಿದ ಬೆತ್ತವಾದರೆ ಬಣ್ಣ ಒಳಗೆ ಇಳಿದಿರುತ್ತದೆ, ಪೂರ್ತಿ ಹೋಗುವುದಿಲ್ಲ. ಆಗ ಹೊಸ, ಸೀಸವಿಲ್ಲದ ಬಣ್ಣ ಬಳಿಯುವುದೇ ದಾರಿ.

ಹೆಣಿಗೆಗೆ ಬರೋಣ. ಮೊದಲ ಕುರ್ಚಿಯ ಸೀಟು ಜೋಲು ಬಿದ್ದಿದೆ. ಒಂದೂ ಎಳೆ ತುಂಡಾಗಿಲ್ಲವಾದರೆ ಹೊಸ ಹೆಣಿಗೆ ಹಾಕುವ ಮುಂಚೆ ಇದನ್ನು ಮಾಡಿ ನೋಡಿ. ಕುರ್ಚಿ ಮಗುಚಿ ಹಾಕಿ. ಸೀಟಿನ ಕೆಳಮೈಗೆ ಬಿಸಿನೀರಲ್ಲಿ ಅದ್ದಿದ ಟವಲ್ ಹಾಸಿ ಅರ್ಧ ಗಂಟೆ ಬಿಡಿ. ಆಮೇಲೆ ತೆಗೆದು ನೆರಳಲ್ಲಿ ಒಂದೆರಡು ದಿನ ಯಾರೂ ಕೂರದ ಹಾಗೆ ಒಣಗಲು ಬಿಡಿ. ಮೇಲ್ಮೈ ಹೊಳಪಿನ ಸಿಪ್ಪೆ, ಅದು ನೀರು ಕುಡಿಯುವುದಿಲ್ಲ. ಕೆಳಮೈ ಕುಡಿಯುತ್ತದೆ. ನೆನೆದ ಎಳೆ ಒಣಗುವಾಗ ಕುಗ್ಗಿ ಬಿಗಿಯಾಗುತ್ತದೆ. ಎಷ್ಟೋ ಸೀಟುಗಳು ಇಷ್ಟರಲ್ಲೇ ಸರಿಹೋಗುತ್ತವೆ. ಬೆತ್ತಕ್ಕೆ ನೀರು ತಾಗಲೇಬಾರದು ಅನ್ನುವ ಮಾತು ಹೆಣಿಗೆಯ ಮಟ್ಟಿಗೆ ತಪ್ಪು. ಆದರೆ ಎನಾಮಲ್ ಬಳಿದ ಸೀಟಿಗೆ ಇದು ನಡೆಯುವುದಿಲ್ಲ, ಅಲ್ಲಿ ಬಣ್ಣ ಎಳೆಯ ಸಂದುಗಳನ್ನೆಲ್ಲ ಮುಚ್ಚಿರುತ್ತದೆ.

ಎಳೆ ಒಣಗಿ ಚೌಕಟ್ಟಿನ ಅಂಚಿನಲ್ಲಿ ಒಂದೊಂದೇ ಕಡಿಯುತ್ತಿದ್ದರೆ ಪೂರ್ತಿ ಹೊಸದೇ ಬೇಕು. ಇದಕ್ಕೆ ಬೇಸರ ಪಡಬೇಡಿ. ಹೆಣಿಗೆ ಇರುವುದೇ ಸವೆಯಲು, ಬದಲಾಗಲು. ಅಜ್ಜನ ಕಾಲದಲ್ಲೇ ಒಂದೆರಡು ಸಲ ಬದಲಾಗಿರಬಹುದು. ಹಿಂದೆ ನಮ್ಮ ಸರ್ಕಾರಿ ಕಚೇರಿಗಳ ಕುರ್ಚಿಗಳಿಗೆಲ್ಲ ಬೆತ್ತದ ಸೀಟೇ ಇತ್ತು. ಅವನ್ನು ಹೆಣೆಯಲೆಂದೇ ನೌಕರರಿದ್ದರು, ಅವರಲ್ಲಿ ಹಲವರು ಕಣ್ಣು ಕಾಣದವರು. ಅಂಧ ಮಕ್ಕಳ ಶಾಲೆಗಳಲ್ಲಿ ಈ ಕಸುಬು ಕಲಿಸುತ್ತಿದ್ದರು. ಬೆರಳಿನ ಸ್ಪರ್ಶದಲ್ಲೇ ಹೊಳಪಿನ ಮೈ ಯಾವುದು, ಎಳೆ ಎಷ್ಟು ಬಿಗಿ ಅಂತ ಅವರಿಗೆ ತಿಳಿಯುತ್ತಿತ್ತು. ಈಗಲೂ ಒಳ್ಳೆಯ ಹೆಣೆಯುವವರು ಕಣ್ಣಿಗಿಂತ ಹೆಬ್ಬೆರಳನ್ನು ನಂಬುತ್ತಾರೆ.

ನಿಮ್ಮ ಸೀಟಿನಲ್ಲಿ ತೂತುಗಳಿವೆ ಅಂದರೆ ಅದು ಕೈಹೆಣಿಗೆಯದು. ಉದ್ದಕ್ಕೆ ಎರಡು ಸಾಲು, ಅಡ್ಡಕ್ಕೆ ಎರಡು ಸಾಲು, ಮೂಲೆಯಿಂದ ಮೂಲೆಗೆ ಒಂದೊಂದು ಕಡೆಯಿಂದ ಒಂದೊಂದು ಸಾಲು, ಕೊನೆಗೆ ತೂತು ಮುಚ್ಚುವ ಅಂಚು. ಆಗ ಆ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಒಂದು ಸೀಟಿಗೆ ಒಂದೆರಡು ದಿನದ ಕೂತ ಕೆಲಸ. ಮಾರುಕಟ್ಟೆಯಲ್ಲಿ ಯಂತ್ರದಲ್ಲಿ ಹೆಣೆದ ಹಾಳೆ ಸಿಗುತ್ತದೆ, ಅದೂ ನಿಜವಾದ ಬೆತ್ತವೇ. ಚೌಕಟ್ಟಿನಲ್ಲಿ ಕಾಲುವೆಯ ಹಾಗೆ ಕೊರೆದ ಗಾಡಿ, ಅಂದರೆ ಗ್ರೂವ್ ಇದ್ದು, ಅದರೊಳಗೆ ಹಾಳೆಯ ಅಂಚನ್ನು ಕೂರಿಸಿ ಪಟ್ಟಿ ಬಡಿಯುವ ಕುರ್ಚಿಗಳಿಗೆ ಆ ಹಾಳೆ ಸರಿ. ನಿಮ್ಮದಕ್ಕೆ ಸರಿಯಲ್ಲ. ಕೆಲವರು ತೂತಿನ ಮೇಲೇ ಹಾಳೆ ಎಳೆದು ಸ್ಟೇಪ್ಲರ್ ಪಿನ್ ಹೊಡೆದು ಬೀಡಿಂಗ್ ಮುಚ್ಚಿಬಿಡುತ್ತಾರೆ. ನೋಡಲು ಅಚ್ಚುಕಟ್ಟು, ಬೇಗ ಕೆಲಸ, ಕಡಿಮೆ ದುಡ್ಡು. ಸ್ವಲ್ಪ ದಿನಕ್ಕೇ ಪಿನ್ ಸಡಿಲವಾಗಿ ಸೀಟು ಇಳಿಯುತ್ತದೆ. ಇನ್ನು ಕೆಲವರು ಹೊಸದಾಗಿ ಗಾಡಿ ಕೊರೆಯೋಣ ಅನ್ನುತ್ತಾರೆ. ತೂತುಗಳ ಸಾಲಿನ ಪಕ್ಕದಲ್ಲೇ ಗಾಡಿ ಹೊಡೆದರೆ ಆ ಅರವತ್ತು ವರ್ಷದ ಮರ ಅಲ್ಲೇ ಸೀಳುತ್ತದೆ. ಒಪ್ಪಬೇಡಿ.

ಹೆಣೆಯುವವರನ್ನು ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ಎಳೆ ನೆನೆಸಿ ಹೆಣೀತೀರಾ? ಒಣ ಎಳೆಯಲ್ಲಿ ಹೆಣೆದರೆ ಕೆಲಸ ಬೇಗ ಆಗುತ್ತದೆ, ಬಗ್ಗುವ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಅಲ್ಲೇ ಮೊದಲು ಕಡಿಯುವುದು. ರೇಟನ್ನು ಚದರಡಿ ಲೆಕ್ಕದಲ್ಲಿ ಹೇಳಿದರೆ ಹುಳುವಿನ ಔಷಧಿ, ಕೀಲು, ಸುತ್ತು, ಹೆಣಿಗೆ, ಪಾಲಿಶ್ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಆಗಲೇ ಯಾವುದಕ್ಕೆ ಎಷ್ಟು, ಯಾವುದನ್ನು ಬಿಟ್ಟಿದ್ದಾರೆ ಅಂತ ಗೊತ್ತಾಗುವುದು.

ಪ್ಲಾಸ್ಟಿಕ್ ಕೇನ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮಳೆಯ ಎರಚಲು ಹೊಡೆಯುವ ಬಾಲ್ಕನಿಗೆ, ಮಂಗಳೂರು ಕಡೆಯ ತೆರೆದ ಜಗಲಿಗೆ ಅದೇ ಸರಿ. ಅಲ್ಲಿ ನಿಜ ಬೆತ್ತ ಬೂಸ್ಟು ಹಿಡಿಯುತ್ತದೆ. ನಿಮ್ಮ ಹಾಲ್‌ನಲ್ಲಿ ಆ ಕಷ್ಟ ಇಲ್ಲ. ಪ್ಲಾಸ್ಟಿಕ್ ಕೂತ ಭಾರಕ್ಕೆ ಎಳೆದುಕೊಂಡು ಉದ್ದವಾಗುತ್ತದೆ, ನೀರು ಹಾಕಿದರೆ ಬಿಗಿಯಾಗುವುದಿಲ್ಲ. ಬೇಸಿಗೆಯಲ್ಲಿ ಬೆನ್ನು ಬೆವರುತ್ತದೆ. ಬೆತ್ತದ ಕುರ್ಚಿಯ ಸುಖ ಇರುವುದೇ ಗಾಳಿಯಾಡುವುದರಲ್ಲಿ.

ಪಾಲಿಶ್ ವಿಷಯ ಚಿಕ್ಕದು. ಹೆಣಿಗೆಗೆ ಪಿಯು ಹೊಡೆಸಬೇಡಿ. ಎಳೆ ಬಗ್ಗಿದಾಗ ಆ ಗಡಸು ಪದರ ಬಿರುಕು ಬಿಟ್ಟು ಬಿಳಿಯಾಗುತ್ತದೆ, ಕೆಳಮೈಗೂ ಬಿದ್ದರೆ ಮುಂದೆಂದೂ ನೀರು ಹಾಕಿ ಬಿಗಿಸಲಾಗದು. ಹೊಸ ಹೆಣಿಗೆ ತಿಳಿಹಳದಿ ಇರುತ್ತದೆ, ಹಳೇ ಚೌಕಟ್ಟು ಜೇನಿನ ಬಣ್ಣ. ಹೊಂದುತ್ತಿಲ್ಲ ಅಂತ ಬಣ್ಣ ಹಾಕಿಸಲು ಹೋಗಬೇಡಿ, ಹೊಳಪಿನ ಸಿಪ್ಪೆ ಬಣ್ಣವನ್ನು ಸರಿಯಾಗಿ ಹಿಡಿಯದೆ ಮಚ್ಚೆ ಮಚ್ಚೆಯಾಗುತ್ತದೆ. ಬಳಸುತ್ತಾ ಅದೇ ಮಾಗುತ್ತದೆ. ಚೌಕಟ್ಟಿಗೆ ಅರಗಿನ ಸ್ಪಿರಿಟ್ ಪಾಲಿಶ್ ತೆಳ್ಳಗೆ ಎರಡು ಮೂರು ಕೈ ಸಾಕು. ಬಿಸಿ ಲೋಟ ಇಟ್ಟರೆ ಬಿಳಿ ಕಲೆ ಬೀಳುತ್ತದೆ ನಿಜ, ಆದರೆ ಅಷ್ಟೇ ಜಾಗಕ್ಕೆ ಮತ್ತೆ ಹಚ್ಚಿಕೊಳ್ಳಬಹುದು. ಕೊಬ್ಬರಿ ಎಣ್ಣೆ ಬೇಡ. ಅದು ಒಣಗುವ ಎಣ್ಣೆಯಲ್ಲ, ಜಿಡ್ಡಾಗಿ ನಿಂತು ಧೂಳು ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳಿ ನೀವು ಹಚ್ಚಿದರೆ, ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿಡಿ.

'ಹೊಸದೇ ಬರುತ್ತೆ' ಅಂದವರ ಲೆಕ್ಕ ದುಡ್ಡಿನ ಮಟ್ಟಿಗೆ ಸರಿಯಿರಬಹುದು. ಸರಿಯಾಗಿ ಮಾಡಿಸಿದ ರಿಪೇರಿ ಅಗ್ಗವಲ್ಲ. ಮಾರಿದರೆ ಹಾಕಿದ್ದು ವಾಪಸ್ ಬರುತ್ತದೆ ಅನ್ನುವ ಆಸೆಯೂ ಬೇಡ. ಚಂಡೀಗಢದ ಕಚೇರಿಗಳಿಗೆ 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜಾನರೆ ಮಾಡಿಸಿದ ತೇಗ-ಬೆತ್ತದ ಕುರ್ಚಿಗಳು ಗುಜರಿಗೆ ಹೋಗಿ, ಆಮೇಲೆ ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದ ಸುದ್ದಿ ಓದಿ ತುಂಬಾ ಜನ ಅಟ್ಟ ಹುಡುಕಿದ್ದಾರೆ. ಅವುಗಳ ಬೆಲೆ ಆ ಹೆಸರಿಗೆ, ಆ ಊರಿಗೆ. ನಮ್ಮ ಕಾನೂನಿನಲ್ಲಿ ಇಂಥ ವಸ್ತು ಪುರಾತನ ಅನಿಸಿಕೊಳ್ಳಲು ನೂರು ವರ್ಷ ಆಗಿರಬೇಕು. ನಿಮ್ಮ ಕುರ್ಚಿ ಬೆಲೆಬಾಳುವುದು ನಿಮಗೆ. ಆದರೆ ಒಂದು ಮಾತು ಅಂಗಡಿಯವರು ಹೇಳದೆ ಬಿಟ್ಟಿದ್ದಾರೆ. ಅಷ್ಟು ದಪ್ಪದ, ಗಂಟು ದೂರವಿರುವ, ಒಂದೇ ತುಂಡಿನ ಬೆತ್ತ ಈಗ ಸುಲಭಕ್ಕೆ ಸಿಗುವುದಿಲ್ಲ. ಜಗತ್ತಿಗೆ ಅತಿ ಹೆಚ್ಚು ಬೆತ್ತ ಕೊಡುವ ಇಂಡೋನೇಷ್ಯಾ 2012ರಿಂದ ಕಚ್ಚಾ ಬೆತ್ತದ ರಫ್ತನ್ನೇ ನಿಲ್ಲಿಸಿದೆ. ಹೊಸ ಕುರ್ಚಿ ಅಂತ ಅಂಗಡಿಯಲ್ಲಿ ಕಾಣುವ ಎಷ್ಟೋ ಕುರ್ಚಿಗಳ ಒಳಗೆ ಕಬ್ಬಿಣದ ಪೈಪು, ಮೇಲೆ ಪ್ಲಾಸ್ಟಿಕ್ ಸುತ್ತು. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಇನ್ನು ದಿನದ ಬಳಕೆ. ಎಸಿಯ ಗಾಳಿ ನೇರ ಹೊಡೆಯುವ ಕಡೆ, ಪಡುವಣ ಬಿಸಿಲು ಬೀಳುವ ಕಿಟಕಿಯ ಮುಂದೆ ಇಡಬೇಡಿ. ಎರಡೂ ಬೆತ್ತವನ್ನು ಒಣಗಿಸಿ ಪೆಡಸು ಮಾಡುತ್ತವೆ. ಮಲೆನಾಡಿನ ತೇವದಲ್ಲಿ ಬಾಳಿದ ಕುರ್ಚಿಗೆ ಬೆಂಗಳೂರಿನ ಮಾರ್ಚ್ ತಿಂಗಳೇ ಕಷ್ಟ. ಫೆಬ್ರವರಿ ಕೊನೆಗೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಸೀಟಿನ ಕೆಳಮೈಗೆ ಒದ್ದೆ ಬಟ್ಟೆ ಒತ್ತಿ ನೆರಳಲ್ಲಿ ಒಣಗಿಸಿ. ನೆಲ ಒರೆಸುವ ನೀರಿನ ಬಗ್ಗೆ ಜಾಸ್ತಿ ಜಾಗ್ರತೆ ಬೇಕು. ಬೆತ್ತದ ಕಾಲಿನ ತುದಿಯಲ್ಲಿ ಉದ್ದಕ್ಕೂ ಹೋಗುವ ಸಣ್ಣ ರಂಧ್ರಗಳಿವೆ, ದಿನಾ ಮಾಪ್ ಹಾಕಿದಾಗ ಅವು ನೀರು ಕುಡಿಯುತ್ತವೆ. ಕಾಲು ಕೆಳಗಿನಿಂದ ಕೊಳೆಯುವುದು ಹೀಗೆ. ತುದಿಗೆ ಪಾಲಿಶ್ ಚೆನ್ನಾಗಿ ಕುಡಿಸಿ, ಒಣಗಿದ ಮೇಲೆ ರಬ್ಬರ್ ಬುಷ್ ಹಾಕಿಸಿ. ಟೈಲ್ಸ್ ಮೇಲೆ ಜಾರುವುದೂ ನಿಲ್ಲುತ್ತದೆ. ಇವು ತಗ್ಗಿನ ಕುರ್ಚಿಗಳು, ಅತ್ತೆಯವರಿಗೆ ಏಳಲು ಕಷ್ಟವಾದರೆ ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ, ಕಾಲಿಗೆ ತುಂಡು ಜೋಡಿಸಿ ಎತ್ತರಿಸಬೇಡಿ. ಅಲ್ಲಿ ಕೀಲಿನ ಲೆಕ್ಕವೇ ತಪ್ಪುತ್ತದೆ.

ಮಗುವಿನ ವಿಷಯ. ಜಾಲರಿ ಕೂರುವ ಭಾರವನ್ನು ಆರಾಮಾಗಿ ತಡೆಯುತ್ತದೆ, ಯಾಕೆಂದರೆ ಅದು ಹರಡುತ್ತದೆ. ಒಂದೇ ಜಾಗದಲ್ಲಿ ಊರಿದ ಮಂಡಿಯನ್ನೋ ಹಿಮ್ಮಡಿಯನ್ನೋ ತಡೆಯುವುದಿಲ್ಲ. ನಿಮ್ಮ ಮಗು ಅದರ ಮೇಲೆ ನಿಂತು ಕುಣಿಯುವ ವಯಸ್ಸಿನದು. ತೆಳ್ಳನೆಯ ಹತ್ತಿ ಗಾದಿ ಯಾವಾಗಲೂ ಹಾಸಿರಲಿ. ನೀವೂ ಬಲ್ಬ್ ಬದಲಿಸಲು ಅದರ ಮೇಲೆ ಹತ್ತಬೇಡಿ. ಸದ್ಯಕ್ಕೆ ಮೊದಲ ಕುರ್ಚಿಯ ಕೆಲಸ ಶುರು ಮಾಡಿಸಿ, ಅದು ಗಟ್ಟಿ ಕುರ್ಚಿ ಅಂತಲೇ ನನಗೆ ಅನಿಸುತ್ತಿದೆ. ಅದು ಮುಗಿಯುವ ಹೊತ್ತಿಗೆ ಬಿಳಿ ಕುರ್ಚಿಯ ಕೆಳಗಿನ ಕಪ್ಪು ಹಾಳೆ ಏನು ಹೇಳುತ್ತದೆ ನೋಡಿ. ದಬ್ಬಳ ಊರಿದ ಜಾಗಗಳ ಫೋಟೋ, ಹಿಂಗಾಲಿನ ಫೋಟೋ ಹಗಲು ಬೆಳಕಲ್ಲಿ ತೆಗೆದು ಕಳಿಸಿ. ಅದನ್ನು ಮತ್ತೆ ಕಟ್ಟಬಹುದಾ, ಬಿಚ್ಚಿ ತುಂಡು ಉಳಿಸಿಕೊಳ್ಳಬೇಕಾ ಅಂತ ಆಗ ಹೇಳುತ್ತೇನೆ.